ನಡುವಿನ ಹದಿನಾರು ಪುಟ

ಟಪ್ ಎಂದು ಒಂದು ಸದ್ದಾಯಿತು. ನಿದ್ದೆಯಲ್ಲಿದ್ದವರಿಗೆ ಕೇಳಿಸದಷ್ಟು ಸಣ್ಣ ಸದ್ದು. ಅವಳಿಗೆ ನಿದ್ದೆ ಬಂದಿರಲಿಲ್ಲ. ಗ್ರಂಥಾಲಯದ ಮುಂಬಾಗಿಲಿನಲ್ಲಿ ಎದೆಯೆತ್ತರಕ್ಕೆ ಒಂದು ಕಿಂಡಿಯಿದೆ, ಕಿಂಡಿಗೆ ತಗಡಿನ ಮುಚ್ಚಳವಿದೆ. ಬಾಗಿಲು ಹಾಕಿದ ಮೇಲೆ ಪುಸ್ತಕ ಹಿಂದಿರುಗಿಸಲು ಬಂದವರು ಮುಚ್ಚಳವೆತ್ತಿ ಒಳಗೆ ಬಿಟ್ಟರೆ ಅದು ಕೆಳಗಿನ ಮರದ ಪೆಟ್ಟಿಗೆಗೆ ಬೀಳುತ್ತದೆ. ಗ್ರಂಥಾಲಯದ ಸಹಾಯಕಿಯಾಗಿ, ಕಟ್ಟಡದ ಹಿಂಭಾಗದ ಎರಡು ಕೋಣೆಗಳಲ್ಲಿ ಅಕ್ಕನ ಜೊತೆ ಹನ್ನೊಂದು ವರ್ಷ ಕಳೆದ ಅವಳಿಗೆ ಆ ಮುಚ್ಚಳದ ದನಿಯೆಲ್ಲ ಗೊತ್ತು. ಅವಸರದವರು ಬಿಟ್ಟರೆ ಎರಡು ಸಲ ಬಡಿಯುತ್ತದೆ. ಮಕ್ಕಳು ಬಿಟ್ಟರೆ ನಾಲ್ಕು ಸಲ, ಆಟಕ್ಕೆ. ಈಗಿನದು ಯಾರೋ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸುತ್ತಿದ್ದು, ಕೊನೆಯ ಒಂದಂಗುಲದಲ್ಲಿ ಕೈಜಾರಿದ ಸದ್ದು. ಇಷ್ಟು ಜೋಪಾನ ಯಾರಿಗೆ ಬೇಕು? ಹೆದರಿದವರಿಗೆ, ಇಲ್ಲವೇ ನಾಚಿಕೊಂಡವರಿಗೆ. ಪಕ್ಕದ ಮಂಚದಲ್ಲಿ ಅಕ್ಕ ಮಗ್ಗುಲಾದಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನವರ ಮಾತೆಲ್ಲ ಕಿವಿಗೆ ಹಾಕಿಕೊಂಡು ನಿವೃತ್ತಳಾದವಳು, ಈಗಲೂ ಒಂದು ಕಿವಿ ತೆರೆದಿಟ್ಟುಕೊಂಡೇ ಮಲಗುತ್ತಾಳೆ. "ಪುಸ್ತಕ ಬಂದಿದ್ದು ತಾನೆ, ಹೋಗಿದ್ದಲ್ವಲ್ಲ. ಮಲಕ್ಕೋ," ಎಂದು ಗೋಡೆಯ ಕಡೆ ತಿರುಗಿದಳು.

ಬಂದದ್ದು ಎಂಬುದೇ ಅವಳ ಕಳವಳವಾಗಿತ್ತು. ಎಂಟು ದಿನದಿಂದ ಒಂದು ಪುಸ್ತಕ ಬರುವುದಕ್ಕಾಗಿ ಕಾದಿದ್ದಳೋ, ಬಾರದಿರಲಿ ಎಂದು ಬಯಸಿದ್ದಳೋ ಅವಳಿಗೇ ಸ್ಪಷ್ಟವಿರಲಿಲ್ಲ. ಬೆಳಗಾದರೆ ಬೇಸಿಗೆ ಓದಿನ ಕೊನೆಯ ದಿನ. ಆರು ವಾರ ಮಕ್ಕಳು ಬಂದು, ಪುಸ್ತಕ ಒಯ್ದು, ಓದಿ, ಮರಳಿ ಬಂದು ಅವಳೆದುರು ಕುಳಿತು ಕಥೆ ಹೇಳಿದ್ದರು; ಹೇಳಿದ ಪ್ರತಿ ಪುಸ್ತಕಕ್ಕೂ ಒಂದು ಕಾಗದದ ಬೂಟು ಸಿಕ್ಕಿತ್ತು. ಗೋಡೆಯುದ್ದಕ್ಕೂ ಅವಳೇ ಬರೆದಂಟಿಸಿದ ಸಾವಿರಕಾಲಿನ ಹುಳಕ್ಕೆ ಆ ಬೂಟುಗಳನ್ನು ತೊಡಿಸಬೇಕು. ಬಣ್ಣ ಹಚ್ಚುವುದು, ಹೆಸರು ಬರೆಯುವುದು, ಅಂಟಿಸುವುದು ಎಲ್ಲ ಮಕ್ಕಳದೇ ಕೆಲಸ. ಹುಳ ಓದುವ ಕೋಣೆಯ ಬಾಗಿಲಿನಿಂದ ಹೊರಟು ಪತ್ರಿಕೆಗಳ ಮೇಜು ದಾಟಿ, ಮುದುಕರು ತೂಕಡಿಸುವ ಬೆಂಚಿನ ತಲೆಯ ಮೇಲೆ ಹಾದು, ನಕ್ಷೆಗಳ ಕಪಾಟಿನವರೆಗೆ ಬಂದಿತ್ತು. ಇನ್ನೂರ ಹನ್ನೆರಡು ಬೂಟು. ನಡುವೆ ಒಂದು ಕಡೆ ಅಂಟಿನ ಕಲೆ ಮಾತ್ರ ಉಳಿದಿತ್ತು. ಆ ಬೂಟು ಕಿತ್ತವಳು ಅವಳೇ.

ಕಥೆ ಕೇಳುವಾಗ ಅವಳದೊಂದು ಪದ್ಧತಿಯಿತ್ತು. ಮೊದಲು ಏನಾಯಿತು, ಕೊನೆಗೆ ಏನಾಯಿತು ಎಂದು ಅವಳು ಕೇಳುತ್ತಿರಲಿಲ್ಲ. ನಡುವಿನಲ್ಲಿ ಏನಾಯಿತು ಹೇಳು ಎನ್ನುತ್ತಿದ್ದಳು. ಮೊದಲ ಪುಟ, ಕೊನೆಯ ಪುಟ ಓದಿ ಇಡೀ ಪುಸ್ತಕ ಓದಿದೆನೆನ್ನುವವರನ್ನು ಹಿಡಿಯಲು ಬೇರೆ ದಾರಿಯಿಲ್ಲ ಎಂದು ಹೊಸದಾಗಿ ಬಂದ ನೌಕರರಿಗೂ ಹೇಳಿಕೊಟ್ಟಿದ್ದಳು. ಗ್ರಂಥಪಾಲಕರು, ಅಂದರೆ ಅವಳ ಮೇಲಿನವರು, ಇದನ್ನು ಮೆಚ್ಚಿ ನಾಲ್ಕು ಜನರ ಮುಂದೆ ಆಡಿದ್ದರು. ಇದು ಎಲ್ಲಿಂದ ಬಂತೆಂದು ಗೊತ್ತಿದ್ದವಳು ಅಕ್ಕ ಒಬ್ಬಳೇ. ಹತ್ತು ವರ್ಷದವಳಿದ್ದಾಗ ಶಾಲೆಯ ಓದಿನ ಸ್ಪರ್ಧೆಯಲ್ಲಿ ದಪ್ಪ ಪುಸ್ತಕವೊಂದರ ಮೊದಲ ಪುಟ, ಕೊನೆಯ ಪುಟ ತಾನು ಓದಿ, ನಡುವಿನದನ್ನು ರಾತ್ರಿ ಅಕ್ಕನ ಬಾಯಿಂದ ಕೇಳಿಕೊಂಡು ಹೋಗಿ ಹೇಳಿದ್ದಳು. ಟೀಚರು ತಲೆ ಸವರಿ ಬಹುಮಾನ ಕೊಟ್ಟಿದ್ದರು. ಆ ಕೈ ಬೆಚ್ಚಗಿತ್ತು. ಅದು ಈಗಲೂ ತಲೆಯ ಮೇಲೆ ಇದ್ದಂತೆ, ತೆಗೆಯಿರಿ ಎನ್ನಲು ಯಾರೂ ಇಲ್ಲದಂತೆ ಅವಳಿಗೆ ಅನ್ನಿಸುವುದುಂಟು. ನಂಬಿದವರ ಕೈ ಅಷ್ಟು ಭಾರವೆಂದು ಆ ವಯಸ್ಸಿನಲ್ಲಿ ಯಾರು ಹೇಳಬೇಕಿತ್ತು? ಅದಕ್ಕೇ ಇರಬೇಕು, ತಾನು ಯಾರನ್ನೂ ಸುಲಭವಾಗಿ ನಂಬಿ ಅವರ ತಲೆಯ ಮೇಲೆ ಅಂಥ ಕೈಯಿಡಬಾರದೆಂದುಕೊಂಡಿದ್ದಳು. ಅಥವಾ ಹಾಗೆಂದುಕೊಂಡದ್ದು ಈಗ, ಎಂಟು ದಿನದಿಂದ ಈಚೆಗೆ.

ಆ ಹುಡುಗಿಯನ್ನು ಮಕ್ಕಳೆಲ್ಲ ಬಾಲಂಗೋಚಿ ಎಂದು ಕರೆಯುತ್ತಿದ್ದರು, ಯಾವಾಗಲೂ ಅಮ್ಮನ ಬೆನ್ನ ಹಿಂದೆ ಗಾಳಿಪಟದ ಬಾಲದಂತೆ ಬರುತ್ತಿದ್ದುದರಿಂದ. ಅಮ್ಮ ಎರಡು ಬೀದಿ ಆಚೆ ಹೊಲಿಗೆ ಅಂಗಡಿಯಲ್ಲಿ ದರ್ಜಿ. ಕೊರಳಲ್ಲಿ ಅಳತೆ ಪಟ್ಟಿ, ಎದೆಯ ಬಳಿ ಬಟ್ಟೆಗೆ ಸಿಕ್ಕಿಸಿಕೊಂಡ ನಾಲ್ಕು ಗುಂಡುಸೂಜಿ; ಮಗಳನ್ನು ಬಿಟ್ಟು ಹೋಗುವಾಗಲೂ ಅವುಗಳನ್ನು ತೆಗೆಯುವುದು ನೆನಪಾಗುತ್ತಿರಲಿಲ್ಲ. ಹುಡುಗಿ ಒಯ್ದದ್ದು ಒಬ್ಬ ಅಂಚೆಯವನ ಕಥೆ. ಬೆಟ್ಟದ ಆಚೆಯ ಊರಿಗೆ ನಾಯಿಯೊಂದಿಗೆ ಪತ್ರ ಒಯ್ಯುತ್ತಾನೆ, ದಾರಿಯಲ್ಲಿ ಒಂದು ಪತ್ರ ಕಳೆಯುತ್ತದೆ, ಹುಡುಕಿ ಸಿಗುತ್ತದೆ. ಅವಳು ಆ ಪುಸ್ತಕವನ್ನು ಹಿಂದಿನ ವರ್ಷಗಳಲ್ಲಿ ಐದಾರು ಸಲ ಮಕ್ಕಳಿಗೆ ಓದಿ ಹೇಳಿದ್ದವಳು. ನಡುವಿನಲ್ಲಿ ಅಂಚೆಯವನು ಹಿಮದಲ್ಲಿ ಸಿಕ್ಕಿಬೀಳುತ್ತಾನೆ, ನಾಯಿ ಅವನ ಟೋಪಿ ಕಚ್ಚಿಕೊಂಡು ಊರಿಗೆ ಓಡುತ್ತದೆ. ನಡುವಿನಲ್ಲಿ ಏನಾಯಿತು ಎಂದು ಕೇಳಿದಾಗ ಹುಡುಗಿ, ನಡುವಿನಲ್ಲಿ ಒಬ್ಬ ಹೆಂಗಸು ಗಂಡನಿಗೆ ಗೊತ್ತಾಗದ ಹಾಗೆ ಅಡುಗೆಮನೆಯಲ್ಲೇ ಬಾವಿ ತೋಡುತ್ತಾಳೆ ಎಂದಳು. ಸುತ್ತ ಇಪ್ಪತ್ತು ಮಕ್ಕಳು. ಯಾರೋ ಕಿಸಕ್ಕೆಂದರು. ಬಾವಿಯೇ, ಯಾವ ಪುಸ್ತಕದಲ್ಲಿ ಎಂದು ಅವಳು ಮತ್ತೆ ಕೇಳಿದಳು, ಮೃದುವಾಗಿಯೇ. ಇದೇ ಪುಸ್ತಕದಲ್ಲಿ, ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಗಿಡದ ಬುಡಕ್ಕೆ ಸುರಿಯುತ್ತಾಳೆ, ಕೊನೆಗೆ ಒಂದು ದಿನ ಬಿಂದಿಗೆ ಬಿಟ್ಟರೆ ನೀರಿನ ಬದಲು ಅಂಚೆಯವನು ಕಳೆದುಕೊಂಡ ಪತ್ರ ಮೇಲೆ ಬರುತ್ತದೆ. ಈಗ ಕೋಣೆಯೆಲ್ಲ ನಕ್ಕಿತು. ಅವಳಿಗೂ ನಗು ಬಂದಿತ್ತು. ನಕ್ಕೆನೇ? ತುಟಿ ಅರಳಿತ್ತು ಎಂಬುದು ನಿಜ. ಆಮೇಲೆ, ಸುಳ್ಳು ಹೇಳುವುದಾದರೆ ಸ್ವಲ್ಪ ಹೊಂದುವ ಹಾಗಾದರೂ ಹೇಳಬೇಕಮ್ಮ ಎಂದದ್ದೂ, ಎದ್ದು ಹೋಗಿ ಹುಳದ ಕಾಲಿನಿಂದ ಆ ಬೂಟನ್ನು ಕಿತ್ತದ್ದೂ ನಿಜ. ಕಥೆ ಹೇಳುವ ಮೊದಲೇ ಹುಡುಗಿ ಬೂಟಿಗೆ ಬಣ್ಣ ಹಚ್ಚಿ ಅಂಟಿಸಿಬಿಟ್ಟಿದ್ದಳು, ಅಷ್ಟು ಧೈರ್ಯ. ಹುಡುಗಿ ಅಳಲಿಲ್ಲ. ತನ್ನ ಕೈಯಲ್ಲಿದ್ದ ಪುಸ್ತಕವನ್ನೂ ಕೊಡಲಿಲ್ಲ; ಎದೆಗೆ ಒತ್ತಿಕೊಂಡು ಹೊರಟುಹೋದಳು, ಮತ್ತೆ ಬರಲಿಲ್ಲ.

ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಪುಸ್ತಕ ಹಳೆಯ ಅಸ್ತರಿನ ಬಟ್ಟೆಯಲ್ಲಿ ಸುತ್ತಿತ್ತು. ಸುತ್ತಿದ ತುದಿಯನ್ನು ದಾರದಿಂದ ಎರಡು ಹೊಲಿಗೆ ಹಾಕಿ ನಿಲ್ಲಿಸಿದ್ದರು, ಗಂಟು ಕಾಣದಂತೆ. ಕತ್ತರಿ ತರಬೇಕಾಯಿತು. ಕೆಲಸದ ರೂಢಿಯಿಂದ ಅವಳು ರಟ್ಟು ನೋಡಿದಳು, ಬೆನ್ನು ನೋಡಿದಳು, ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟಳು. ನಡುವಿನಲ್ಲಿ ಎಲ್ಲೋ ಕಾಗದದ ಬಣ್ಣ ಒಂದು ಗುಲಗಂಜಿಯಷ್ಟು ಬೇರೆ ಎನ್ನಿಸಿ ಹೆಬ್ಬೆರಳು ತಾನಾಗಿ ನಿಂತಿತು. ಪುಟ ನಲವತ್ತೊಂಬತ್ತು. "ಅವಳು ಸೆರಗಿನಲ್ಲಿ ಮಣ್ಣು ಕಟ್ಟಿಕೊಂಡು ಹಿತ್ತಲಿಗೆ ಹೋದಾಗ ಗಂಡ ಇನ್ನೂ ಗೊರಕೆ ಹೊಡೆಯುತ್ತಿದ್ದ," ಎಂದಿತ್ತು. ಮತ್ತೊಮ್ಮೆ ಓದಿದಳು. ರಟ್ಟು ನೋಡಿದಳು, ಅಂಚೆಯವನು, ನಾಯಿ. ಪುಟ ನಲವತ್ತೆಂಟು: ಹಿಮ ಬೀಳತೊಡಗಿತು. ಪುಟ ನಲವತ್ತೊಂಬತ್ತು: ಮಣ್ಣು. ಅಲ್ಲಿಂದ ಹದಿನಾರು ಪುಟ ಆ ಹೆಂಗಸು ಬಾವಿ ತೋಡುತ್ತಲೇ ಇದ್ದಳು. ಅರವತ್ತನಾಲ್ಕನೆಯ ಪುಟದ ಕೊನೆಯ ಸಾಲಿನಲ್ಲಿ, ಬಿಂದಿಗೆ ಭಾರವಾಗಿ ಮೇಲೆ ಬಂತು, ಅದರೊಳಗೆ, ಎಂದು ಮಾತು ನಿಂತಿತ್ತು. ಅರವತ್ತೈದರಲ್ಲಿ ಅಂಚೆಯವನು ಊರಿನವರ ಬೆಂಕಿಯ ಮುಂದೆ ಕೈ ಕಾಯಿಸುತ್ತಿದ್ದ.

ಅರ್ಥವಾಗುವುದಕ್ಕೆ ಎಷ್ಟು ಹೊತ್ತು ಬೇಕಾಯಿತೋ. ಹೊಲಿಗೆ ಬಿಚ್ಚಿದ ಹಳೆಯ ಪುಸ್ತಕಗಳು ವರ್ಷಕ್ಕೊಮ್ಮೆ ಬೈಂಡರನಲ್ಲಿಗೆ ಹೋಗುತ್ತವೆ. ಅವನು ಅವನ್ನು ಪೂರ್ತಿ ಬಿಡಿಸುತ್ತಾನೆ. ಹದಿನಾರು ಪುಟಗಳ ಒಂದೊಂದು ಮಡಿಕೆ, ಅದಕ್ಕೆ ಫಾರಂ ಎನ್ನುತ್ತಾನೆ. ಮತ್ತೆ ಸಾಲಾಗಿ ಜೋಡಿಸಿ ಹೊಲಿಯುತ್ತಾನೆ. ಒಂದೇ ಅಳತೆಯ ಎರಡು ಪುಸ್ತಕ ಒಟ್ಟಿಗೆ ಬಿಚ್ಚಿದ್ದಿರಬೇಕು. ಒಂದರ ನಾಲ್ಕನೆಯ ಫಾರಂ ಇನ್ನೊಂದಕ್ಕೆ ಹೋಗಿದೆ. ಪುಟಸಂಖ್ಯೆ ಒಂದೂ ತಪ್ಪಿಲ್ಲ. ಬಂದ ಪುಸ್ತಕಗಳನ್ನೆಲ್ಲ ತಿರುವಿ ನೋಡಿ, ಸರಿಯಿದ್ದರೆ ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲಿನ ಗುರುತು ಹಾಕುವುದು ಸಹಾಯಕಿಯ ಕೆಲಸ. ಕೊನೆಯ ಪುಟ ತೆಗೆದಳು. ಗುರುತು ಅಲ್ಲೇ ಇತ್ತು, ಅವಳದೇ, ಬಾಲ ಸ್ವಲ್ಪ ಎಡಕ್ಕೆ ವಾಲಿದ್ದು. ಆ ಮಧ್ಯಾಹ್ನ ನೆನಪಾಯಿತು. ಎಪ್ಪತ್ತು ಪುಸ್ತಕ, ಪಕ್ಕದಲ್ಲಿ ಬಿಡಿಸಿಟ್ಟ ಹುಳದ ನಕ್ಷೆ, ಕಾಲು ಎಷ್ಟಿರಬೇಕೆಂಬ ಲೆಕ್ಕ. ಅವಳು ಸಂಖ್ಯೆಗಳನ್ನು ನೋಡಿದ್ದಳು. ಸಂಖ್ಯೆಗಳನ್ನು ನಿಜಕ್ಕೂ ನೋಡಿದ್ದಳು, ಹಾಗಾದರೆ ಇದು ಸುಳ್ಳು ಗುರುತಲ್ಲ. ಓದಿರಲಿಲ್ಲ, ಹಾಗಾದರೆ ಸುಳ್ಳೇ. ಮೊದಲ ಪುಟ, ಕೊನೆಯ ಪುಟ, ನಡುವೆ ಅಂಕಿಗಳು. ನಗು ಬಂದಂತಾಯಿತು.

ಒಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಬಿಂದಿಗೆಯಲ್ಲಿ ಪತ್ರ ಬಂತೆಂದು ಪುಸ್ತಕದಲ್ಲಿ ಎಲ್ಲೂ ಇಲ್ಲ. ಅದನ್ನು ಹುಡುಗಿ ತಾನೇ ಹುಟ್ಟಿಸಿದ್ದಳು. ಹಾಗಾದರೆ ಸ್ವಲ್ಪವಾದರೂ ಸುಳ್ಳು ಹೇಳಿದಳಲ್ಲವೇ ಎಂದು ಮನಸ್ಸು ಆ ಎಳೆಯನ್ನು ಹಿಡಿದುಕೊಂಡಿತು, ಮುಳುಗುವವರು ಹಿಡಿದಂತೆ. ಆದರೆ ಕಡಿದುಹೋದ ಎರಡು ಕಥೆಗಳ ನಡುವೆ ಕುಳಿತ ಹತ್ತು ವರ್ಷದ ಹುಡುಗಿ, ಒಂದರಲ್ಲಿ ಕಳೆದ ಪತ್ರವನ್ನು ಇನ್ನೊಂದರ ಬಾವಿಯಿಂದ ಎತ್ತಿ ಎರಡನ್ನೂ ಹೊಲಿದದ್ದಕ್ಕೆ ಏನನ್ನಬೇಕು? ಆರು ವಾರದಲ್ಲಿ ಅಷ್ಟು ಗಮನವಿಟ್ಟು ಓದಿದ ಮಗು ಇನ್ನೊಂದಿರಲಿಲ್ಲ.

ಪುಸ್ತಕ ಹಿಡಿದು ಗ್ರಂಥಪಾಲಕರ ಕೋಣೆಗೆ ಹೋದಳು. ಹೇಳಿಬಿಡುವುದೆಂದೇ ಹೋದದ್ದು. ಅವರು ಕನ್ನಡಕ ಹಣೆಗೇರಿಸಿಕೊಂಡು ಸಮಾರಂಭಕ್ಕೆ ತರಿಸಿದ ಕುರ್ಚಿ ಸಾಲದೆಂದು ಯಾರೊಂದಿಗೋ ಫೋನಿನಲ್ಲಿ ಜಗಳವಾಡುತ್ತಿದ್ದರು. ಅವಳು ಒಂದು ಪುಸ್ತಕದ ವಿಷಯ ಎಂದು ಬಾಯಿ ತೆರೆದಳು.

"ಇವತ್ತು ಪುಸ್ತಕದ ವಿಷಯ ಬೇಡಮ್ಮ. ಇವತ್ತು ಕುರ್ಚಿ ವಿಷಯ ಮಾತ್ರ," ಎಂದರು. ಆಮೇಲೆ ಏನೋ ನೆನಪಾಗಿ ಮುಖ ಅರಳಿಸಿ, "ಆ ಬಾವಿ ಕಥೆ ಇವತ್ತು ಭಾಷಣದಲ್ಲಿ ಹೇಳ್ತೀನಿ. ನಮ್ಮಲ್ಲಿ ಕಳ್ಳ ಓದು ನಡೆಯಲ್ಲ ಅಂತ ಜನಕ್ಕೂ ಗೊತ್ತಾಗ್ಲಿ. ನಿಮಗೇ ಒಳ್ಳೇ ಹೆಸರು," ಎಂದರು.

ಅದು ಬೇಡ ಸಾರ್ ಎಂದಳು. ಅದನ್ನು ಅವರು ಸಂಕೋಚವೆಂದು ತಿಳಿದರು. ಇಷ್ಟು ವರ್ಷ ಸಂಕೋಚವೆಂದೇ ತಿಳಿಯುವಂತೆ ನಡೆದುಕೊಂಡಿದ್ದಳಲ್ಲ. ಈಗ ಒಮ್ಮೆಲೇ ಅದಕ್ಕೆ ಬೇರೆ ಅರ್ಥವಿದೆ ಎಂದರೆ ಹೇಗೆ ತಿಳಿದಾರು? ಹೊರಗೆ ಬಂದು ಪುಸ್ತಕವನ್ನು ತನ್ನ ಚೀಲದೊಳಗೆ ಹಾಕಿಕೊಂಡಳು. ಬೂಟು ಮೇಜಿನ ಖಾನೆಯಲ್ಲಿತ್ತು, ಅದನ್ನೂ ಹಾಕಿಕೊಂಡಳು. ಎಲ್ಲರೆದುರು ಕಿತ್ತದ್ದನ್ನು ಎಲ್ಲರೆದುರೇ ಅಂಟಿಸಬೇಕು ಎಂದು ಹೇಳಿಕೊಂಡಳು. ಹಾಗೆಂದುಕೊಂಡಾಗ ಹಗುರಾಯಿತು, ಹಗುರಾದದ್ದರಿಂದಲೇ ಅನುಮಾನವೂ ಬಂತು. ಹುಡುಗಿ ಬಾರದಿದ್ದರೆ? ಬಾರದಿರುವುದೇ ಹೆಚ್ಚು. ಬಾರದಿದ್ದರೆ ಅಂಟಿಸಿ ಯಾರಿಗೆ ತೋರಿಸುವುದು?

ಹನ್ನೊಂದು ಗಂಟೆಗೆ ಓದುವ ಕೋಣೆ ತುಂಬಿತ್ತು. ಆರು ವಾರದ ಕೆಲಸವೆಲ್ಲ ಮೇಜುಗಳ ಮೇಲಿತ್ತು: ಹಳೆಯ ಕಾಲುಚೀಲಗಳ ಬೊಂಬೆಗಳು, ಮುದುಕರು ಮಕ್ಕಳಿಗೆ ಹೇಳಿ ಬರೆಸಿದ ಪತ್ರಗಳು, ರದ್ದಿ ಪತ್ರಿಕೆಯ ಟೋಪಿಗಳು. ಪತ್ರಿಕೆ ಓದಲು ದಿನವೂ ಬರುವ ಮುದುಕರೊಬ್ಬರು ತಮ್ಮ ಬೆಂಚಿನಲ್ಲಿ ಬೇರೆಯವರು ಕುಳಿತಿದ್ದಾರೆಂದು ಮುನಿಸಿಕೊಂಡು ನಿಂತೇ ಇದ್ದರು. ಹುಳದ ನೆರಳು ತಲೆ ಮೇಲೆ ಬೀಳದಿದ್ದರೆ ತನಗೆ ಅಕ್ಷರ ಕಾಣಿಸುವುದಿಲ್ಲ ಎಂದು ಯಾರಿಗೋ ಹೇಳುತ್ತಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ ಕುಳಿತು, ಹೋದವರು ಬಂದವರ ಮಾತನ್ನೆಲ್ಲ ಸಂಗ್ರಹಿಸುತ್ತಿದ್ದಳು. ತಂಗಿಯ ಕಣ್ಣು ಮಾತ್ರ ಬಾಗಿಲಿನಲ್ಲಿತ್ತು. ಅಲ್ಲೇ ಒಮ್ಮೆ ಅಳತೆ ಪಟ್ಟಿ ಕಂಡಿತು. ದರ್ಜಿ ಬಂದಿದ್ದಳು, ಕೊನೆಯ ಸಾಲಿನ ಗೋಡೆಗೆ ಒರಗಿ. ಬೆನ್ನ ಹಿಂದೆ ಬಾಲಂಗೋಚಿ. ತನಗಾದದ್ದು ಖುಷಿಯೋ ಭಯವೋ ಎಂದು ನೋಡಿಕೊಳ್ಳುವಷ್ಟರಲ್ಲಿ ಗ್ರಂಥಪಾಲಕರು ಭಾಷಣಕ್ಕೆ ನಿಂತಿದ್ದರು.

ಅವರು ಬಾವಿಯ ಕಥೆ ಹೇಳಿಯೇ ಹೇಳಿದರು. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಹಿಂದೆ ತಿರುಗಿ ನೋಡಿದರು. ಅಂಚೆಯವನಿಗೆ ಬಾಯಾರಿಕೆಯಾಗಿರಬೇಕು ಎಂದು ಅವರು ಸೇರಿಸಿದಾಗ ದೊಡ್ಡವರೂ ನಕ್ಕರು. ಅವಳು ಎದ್ದು ನಿಂತಳು. ಚೀಲದಲ್ಲಿ ಕೈ ಹಾಕಿ ಪುಸ್ತಕದ ಬೆನ್ನು ಹಿಡಿದುಕೊಂಡಿದ್ದಳು. ಏನು ಹೇಳಬೇಕೆಂಬ ಮೊದಲ ಮಾತು ಬಾಯಲ್ಲಿತ್ತು: ಆ ಮಗು ಹೇಳಿದ್ದು ನಿಜ. ನಾಲ್ಕೇ ಶಬ್ದ. ಆದರೆ ಅವಳು ಎದ್ದುದನ್ನು ಕಂಡು, ಕರೆಯುತ್ತಿದ್ದಾಳೆಂದುಕೊಂಡೋ ಏನೋ, ಹಿಂದಿನ ಗೋಡೆಯಿಂದ ದರ್ಜಿ ಮಗಳ ಭುಜ ಹಿಡಿದು ಮುಂದಕ್ಕೆ ನಡೆಸಿಕೊಂಡು ಬಂದಳು. ಕುರ್ಚಿಗಳ ನಡುವಿನ ದಾರಿ ಉದ್ದವಿತ್ತು. ಯಾರೂ ನಗಲಿಲ್ಲ.

"ಹೇಳು," ಎಂದಳು ದರ್ಜಿ.

ಹುಡುಗಿ ಹುಳದ ಕಡೆ ನೋಡುತ್ತ, ಕಲಿತು ಬಂದ ಪಾಠದಂತೆ, "ನಾನು ಪುಸ್ತಕ ಓದಿರ್ಲಿಲ್ಲ. ಸುಳ್ಳು ಹೇಳ್ದೆ. ತಪ್ಪಾಯ್ತು ಮಿಸ್," ಎಂದಳು.

ಗ್ರಂಥಪಾಲಕರು ಚಪ್ಪಾಳೆ ತಟ್ಟಿದರು. ತಪ್ಪೊಪ್ಪಿಕೊಳ್ಳುವುದೂ ಒಂದು ಓದೇ ಎಂದರು. ಜನ ಚಪ್ಪಾಳೆ ತಟ್ಟಿದರು, ಅಕ್ಕನೂ ತಟ್ಟಿದಳು. ಚಪ್ಪಾಳೆಯ ನಡುವೆ ನಿಂತ ಅವಳಿಗೆ ಏನೂ ಅರ್ಥವಾಗಲಿಲ್ಲ. ಓದಿದ ಮಗು ಓದಿಲ್ಲ ಎನ್ನುತ್ತಿದೆ. ಓದದವಳು ಒಂದು ಕಾಲದಲ್ಲಿ ಓದಿದ್ದೇನೆ ಎಂದಿದ್ದಳು. ಅವಳಿಗೂ ಚಪ್ಪಾಳೆ ಸಿಕ್ಕಿತ್ತು. ಕೈ ತಾನಾಗಿ ಹುಡುಗಿಯ ತಲೆಯ ಮೇಲೆ ಹೋಯಿತು. ಇಟ್ಟ ಮೇಲೆ, ಅದು ಎಂಥ ಕೈಯೆಂದು ಗೊತ್ತಾಗಿ ತೆಗೆದುಕೊಂಡಳು. ದರ್ಜಿ ದನಿ ತಗ್ಗಿಸಿ, ಪುಸ್ತಕ ರಾತ್ರಿಯೇ ಕಿಂಡಿಯೊಳಗೆ ಹಾಕಿದೆ, ಹಗಲು ತರಲು ಮುಖವಿರಲಿಲ್ಲ ಎಂದಳು. ಆಮೇಲೆ, ಹೋಗಲು ತಿರುಗಿದವಳು, ಕೆಲಸದವರು ಕೆಲಸದವರಿಗೆ ಹೇಳುವ ಹಾಗೆ:

"ಮೇಡಂ, ಆ ಪುಸ್ತಕದ ನಡು ಹೊಲಿಗೆ ನೋಡ್ಕೊಳ್ಳಿ. ಸುತ್ತ ಎಲ್ಲ ಹಳೇ ತೂತಲ್ಲೇ ಸೂಜಿ ಹೋಗಿದೆ, ನಡುವೆ ಒಂದು ಮಡಿಕೇಲಿ ಮಾತ್ರ ಹಳೇ ತೂತು ಒಂದ್ಕಡೆ, ಹೊಸ ತೂತು ಒಂದ್ಕಡೆ. ನಮ್ಮ ಅಂಗಡೀಲಾದ್ರೆ ಬಿಚ್ಚಿ ಹೊಲಿಸ್ತಾರೆ."

ಅವಳು ದರ್ಜಿಯ ಮುಖ ನೋಡಿದಳು. ಅಲ್ಲಿ ಚುಚ್ಚು ಮಾತಿನ ಗುರುತೇನೂ ಇರಲಿಲ್ಲ. ಇಷ್ಟು ಕಂಡವಳಿಗೆ ಉಳಿದದ್ದು ಕಾಣದೆ ಹೋದದ್ದು ಹೇಗೆ? ಮಡಿಕೆ ಬೇರೆಯದೆಂದು ತಿಳಿದ ಮೇಲೂ ಮಗಳಿಂದ ತಪ್ಪೊಪ್ಪಿಸಿದಳೇ? ಶರಬತ್ತು ಹಂಚಲು ಜನ ಏಳುತ್ತಿದ್ದರು. ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿ, ಮಗಳನ್ನು ಐದು ನಿಮಿಷ ನನ್ನ ಜೊತೆ ಕಳಿಸಿರಿ, ಪುಸ್ತಕದ ಲೆಕ್ಕ ಬರೆದುಕೊಳ್ಳಬೇಕು ಎಂದಳು. ಇದೂ ಸುಳ್ಳೇ.

ನಕ್ಷೆಗಳ ಕಪಾಟಿನ ಹಿಂದೆ ಇಬ್ಬರು ನಿಲ್ಲುವಷ್ಟು ಜಾಗವಿದೆ. ಅಲ್ಲಿ ಅವಳು ಪುಸ್ತಕ ತೆಗೆದು ನಲವತ್ತೊಂಬತ್ತನೆಯ ಪುಟ ಬಿಡಿಸಿ ಹಿಡಿದಳು. ಬೆರಳಿನಿಂದ ತೋರಿಸಿದಳು. ಹುಡುಗಿ ನೋಡಿದಳು. ಹೊಸದೇನನ್ನೋ ಕಂಡವರ ಮುಖವಲ್ಲ ಅದು.

"ನೀನು ಹೇಳಿದ್ದು ಸರಿ. ತಪ್ಪು ಮಾಡಿದ್ದು ನಾನು," ಎಂದಳು ಅವಳು. ಹೇಳಿದ ಮೇಲೆ ಎಷ್ಟು ಸಣ್ಣ ಮಾತೆನ್ನಿಸಿತು. "ಬೇರೆ ಪುಸ್ತಕದ ಹಾಳೆ ಇದರಲ್ಲಿ ಸೇರ್ಕೊಂಡಿದೆ. ನಾನು ನೋಡ್ಬೇಕಿತ್ತು, ನೋಡ್ಲಿಲ್ಲ. ನಡಿ, ಎಲ್ಲರ ಮುಂದೆ ಹೇಳ್ತೀನಿ. ನಿಮ್ಮಮ್ಮಂಗೂ."

"ಬೇಡ ಮಿಸ್."

"ಯಾಕೆ? ಓದಿದವಳು ಓದಿಲ್ಲ ಅಂತ ಯಾಕಂದೆ?"

ಹುಡುಗಿ ಕಪಾಟಿನ ಸಂದಿಯಿಂದ ಆಚೆ ನೋಡಿದಳು. ಅವಳಮ್ಮ ಹುಳದ ಮುಂದೆ ನಿಂತು ಬೂಟುಗಳನ್ನು ನೋಡುತ್ತಿದ್ದಳು, ಹೆಸರುಗಳನ್ನು ಓದುವವಳಂತೆ ತುಟಿ ಆಡಿಸುತ್ತ. "ಅಮ್ಮ ಆವತ್ತು ಪುಸ್ತಕ ತಗೊಂಡು ಕೂತ್ಲು ಮಿಸ್. ದೀಪದ ಹತ್ರ. ಒಂದೊಂದೇ ಹಾಳೆ, ಬೆರಳಿಟ್ಕೊಂಡು. ಪೂರ್ತಿ. ಬಾವಿ ಎಲ್ಲೂ ಇಲ್ಲ, ಮಿಸ್ ಹೇಳಿದ್ದೇ ಸರಿ ಅಂದ್ಲು."

"ಇದೆಯಲ್ಲ. ಇಲ್ಲೇ ಇದೆಯಲ್ಲ."

"ಹೌದು." ಹುಡುಗಿಯ ದನಿ ಇನ್ನೂ ತಗ್ಗಿತು. "ಅವಳಿಗೆ ಓದೋಕೆ ಬರಲ್ಲ. ಅದು ನಂಗೊತ್ತು. ನಂಗೊತ್ತು ಅಂತ ಅವಳಿಗೆ ಗೊತ್ತಿಲ್ಲ. ನೀವು ಬಾವಿ ಇದೆ ಅಂತ ಹೇಳಿದ್ರೆ ಗೊತ್ತಾಗಿ ಬಿಡುತ್ತೆ."

ಆಚೆ ಯಾರೋ ಲೋಟ ಬೀಳಿಸಿದರು. ಅವಳಿಗೆ ಆರು ವಾರದ ಹಿಂದಿನ ಬೆಳಗ್ಗೆ ನೆನಪಾಯಿತು. ಸದಸ್ಯತ್ವದ ಅರ್ಜಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಕನ್ನಡಕ ಮರೆತು ಬಂದೆ, ನೀವೇ ತುಂಬಿಬಿಡಿ ಎಂದಿದ್ದ ದರ್ಜಿ. ಸಹಿ ಮಾತ್ರ ತಾನೇ ಹಾಕಿದ್ದಳು, ಕಸೂತಿ ಹಾಕಿದಂತೆ ಒಂದೊಂದೇ ಎಳೆ. ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುವವಳಿಗೆ ಎಲ್ಲಿಯ ಕನ್ನಡಕವೆಂದು ಆಗ ಹೊಳೆದಿರಲಿಲ್ಲ. ಓದಿದವರು ಸುಳ್ಳೆಂದ ಮೇಲೆ ಸುಳ್ಳೇ ಎಂದು ನಂಬಿ, ಮಗಳ ಮುಂದೆ ಓದಿದಂತೆ ನಟಿಸಿ, ಆ ರಾತ್ರಿ ಅಷ್ಟೂ ಹಾಳೆಗಳಲ್ಲಿ ಆ ಹೆಂಗಸು ಕಂಡದ್ದು ಹೊಲಿಗೆಯೊಂದನ್ನೇ. ಕಂಡದ್ದನ್ನು ತಪ್ಪಿಲ್ಲದೆ ಕಂಡಿದ್ದಳು. ಮಗಳು ಪಕ್ಕದಲ್ಲಿ ಕುಳಿತು, ಅಮ್ಮನ ಬೆರಳು ಬಾವಿಯ ಮೇಲೆಯೇ ಹಾದು ಹೋಗುವುದನ್ನು ನೋಡಿರಬೇಕು. ಇಲ್ಲಿದೆ ಎನ್ನದೆ ಸುಮ್ಮನಿದ್ದಿರಬೇಕು. ಹದಿನಾರು ಪುಟದ ಉದ್ದಕ್ಕೂ.

"ಅದಕ್ಕೆ," ಎಂದಳು ಹುಡುಗಿ, ಇಷ್ಟು ಸರಳ ವಿಷಯ ದೊಡ್ಡವರಿಗೆ ಹೇಳಿಕೊಡಬೇಕಾಯಿತಲ್ಲ ಎನ್ನುವ ಹಾಗೆ, "ನಾನು ಸುಳ್ಳು ಹೇಳ್ದೆ ಅಂತಾನೇ ಇರ್ಲಿ."

ಅವಳು ಚೀಲದಿಂದ ಬೂಟು ತೆಗೆದಳು. ಹಿಂದೆ ಗೋಡೆಯ ಸುಣ್ಣ ಅಂಟಿಕೊಂಡಿತ್ತು. ಅಂಟಿಸಿದರೆ ಎಲ್ಲರೂ ಯಾಕೆಂದು ಕೇಳುತ್ತಾರೆ ಎಂದು ಹುಡುಗಿ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಳು. ಹೋಗುವಾಗ ತಿರುಗಿ ನಿಂತು, ಮೊದಲ ಬಾರಿಗೆ ಮಗುವಿನ ಹಾಗೆ ಕೇಳಿದಳು: "ಮಿಸ್, ನಿಜಕ್ಕೂ ಬಿಂದಿಗೇಲಿ ಏನ್ ಬಂತು?"

ಗೊತ್ತಿಲ್ಲ ಎಂದಳು ಅವಳು. ಹುಡುಕುತ್ತೇನೆ ಎಂದಳು.

ಸಂಜೆ ಕುರ್ಚಿಗಳು ಮರಳಿ ಹೋದವು. ಹುಳ ಗೋಡೆಯ ಮೇಲೆ ಇನ್ನೂರ ಹನ್ನೆರಡು ಕಾಲುಗಳಿಗೆ ಬೂಟು ತೊಟ್ಟು, ಒಂದು ಬರಿಗಾಲೂರಿಕೊಂಡು ನಿಂತಿತ್ತು. ಬೈಂಡರನಿಂದ ಬಂದ ಎಪ್ಪತ್ತು ಪುಸ್ತಕಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಅವಳು ಕಪಾಟಿನ ಮುಂದೆ ನೆಲದಲ್ಲೇ ಕುಳಿತಳು. ಎಲ್ಲೋ ಒಂದು ಪುಸ್ತಕದಲ್ಲಿ ಬಾವಿ ತೋಡುವ ಹೆಂಗಸಿನ ನಡುವೆ ಹಿಮ ಬೀಳುತ್ತಿದೆ, ನಾಯಿಯೊಂದು ಟೋಪಿ ಕಚ್ಚಿಕೊಂಡು ಓಡುತ್ತಿದೆ. ಅದನ್ನೂ ಯಾವುದೋ ಮಗು ಒಯ್ದಿರಬಹುದು. ಅಥವಾ ಈ ಆರು ವಾರದಲ್ಲೇ ಯಾವುದೋ ಮಗು ಅದನ್ನು ಓದಿ, ಅವಳೆದುರು ಬಂದು ಕೂರಲು ಹೆದರಿ ಸುಮ್ಮನೆ ಕಿಂಡಿಯಲ್ಲಿ ಹಾಕಿ ಹೋಗಿರಬಹುದು. ಮೊದಲ ಪುಸ್ತಕ ತೆಗೆದು ನಲವತ್ತೊಂಬತ್ತನೆಯ ಪುಟ ಬಿಡಿಸಿದಳು. ಈ ಸಲ ಅಂಕಿ ನೋಡಲಿಲ್ಲ, ಓದಿದಳು. ಗ್ರಂಥಪಾಲಕರಿಗೆ ಹೇಳಿದರೆ ಬೈಂಡರನಿಗೆ ಪತ್ರ ಹೋಗುತ್ತದೆ, ಯಾವ ಪುಸ್ತಕ ಎಂಬ ಮಾತು ಬರುತ್ತದೆ, ಅಂಚೆಯವನ ಕಥೆ ಬರುತ್ತದೆ, ಬಾವಿ ಬರುತ್ತದೆ. ಬಾವಿ ಇತ್ತಂತೆ ಎಂಬುದು ಎರಡು ಬೀದಿ ದಾಟಿ ಹೊಲಿಗೆ ಅಂಗಡಿ ಸೇರುವುದಕ್ಕೆ ಎಷ್ಟು ಹೊತ್ತು? ಹೀಗೆ ಯೋಚಿಸುವಾಗ ಎಲ್ಲ ಸರಿಯಾಗಿಯೇ ಇತ್ತು. ಸರಿಯಾಗಿದ್ದುದೇ ತೊಡಕಾಗಿತ್ತು. ಹುಡುಗಿ ತನ್ನ ಅಮ್ಮನಿಗಾಗಿ ಬೇಡಿದ ಮೌನದೊಳಗೆ ಅವಳ ಪೆನ್ಸಿಲಿನ ಗುರುತೂ, ಎಡಕ್ಕೆ ವಾಲಿದ ಬಾಲದ ಸಮೇತ, ಎಷ್ಟು ಸಲೀಸಾಗಿ ಅಡಗಿಕೊಂಡಿತ್ತು. ಹುಡುಗಿ ಬೇಡದೆ ಇದ್ದಿದ್ದರೆ ಹೇಳುತ್ತಿದ್ದಳೇ? ಎದ್ದು ನಿಂತದ್ದಂತೂ ನಿಜ. ಹೇಳುವುದಕ್ಕೆ ಎದ್ದದ್ದೋ, ಎದ್ದೆನೆಂದು ತನಗೆ ತೋರಿಸಿಕೊಳ್ಳಲೋ?

ಬಾಗಿಲಲ್ಲಿ ಅಕ್ಕ ಬಂದು ನಿಂತಳು. ದೀಪ ಹಾಕದೆ ಏನು ಓದುತ್ತಿದ್ದೀ ಎಂದಳು. ಆಮೇಲೆ, ಇಡೀ ದಿನ ಬಾಯಲ್ಲಿಟ್ಟುಕೊಂಡದ್ದನ್ನು ಕೇಳಿದಳು: "ರಾತ್ರಿ ಬಂದ ಪುಸ್ತಕ ಆ ಮಗೂದೇ ಅಲ್ವಾ? ಕಪಾಟಿನ ಹಿಂದೆ ಏನಷ್ಟೊಂದು ಮಾತು?"

ಅಕ್ಕನಿಗೆ ಹೇಳಬಹುದಿತ್ತು. ಆ ಹಳೆಯ ಬಹುಮಾನದ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡವಳು ಇದನ್ನೂ ಇಟ್ಟುಕೊಂಡಾಳು. ಆದರೆ ಹೇಳಿದರೆ ಅಕ್ಕ ಸಮಾಧಾನ ಮಾಡುತ್ತಾಳೆ, ಹೋಗಲಿ ಬಿಡು ಎನ್ನುತ್ತಾಳೆ, ನಿದ್ದೆ ಬರುತ್ತದೆ. ಆ ಮಗು ತನ್ನಮ್ಮನ ಪಕ್ಕದಲ್ಲಿ ಇವತ್ತು ರಾತ್ರಿಯೂ ಯಾರಿಗೂ ಹೇಳದೆ ಮಲಗಿರುತ್ತದೆ. ಅವಳು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು ಎರಡನೆಯದನ್ನು ತೆಗೆದುಕೊಂಡಳು.

"ಏನಿಲ್ಲ ಕಣೇ," ಎಂದಳು. "ಹೊಲಿಗೆ ಸ್ವಲ್ಪ ಬಿಟ್ಟಿತ್ತು ಅಷ್ಟೆ."

ಅಕ್ಕ ಒಂದು ಗಳಿಗೆ ಕಿವಿಗೊಟ್ಟು ನಿಂತು ದೀಪ ಹಾಕಿ ಹೋದಳು. ಇನ್ನು ಯಾರು ಕೇಳಿದರೂ ಇಷ್ಟನ್ನೇ ಹೇಳುವುದು, ಇದಕ್ಕಿಂತ ಒಂದು ಮಾತೂ ಹೆಚ್ಚಿಗೆ ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡು, ಅದು ಯಾರಿಗಾಗಿ ಎಂದು ಮಾತ್ರ ತಿಳಿಯದೆ, ಅವಳು ನಲವತ್ತೊಂಬತ್ತನೆಯ ಪುಟ ಬಿಡಿಸಿದಳು.